ಟಿಎಸ್‌ಎಚ್ ಏರಿದರೆ ಥೈರಾಯ್ಡ್ ಇಳಿದಿದೆ ಅಂತ: ಲ್ಯಾಬ್ ಟೆಕ್ನೀಷಿಯನ್ ಒಬ್ಬಳ ಅನುಭವ

ನಾನು ಲ್ಯಾಬ್ ಟೆಕ್ನೀಷಿಯನ್. ಬೇರೆಯವರ ರಕ್ತ ತೆಗೆಯುವುದು, ಅದನ್ನು ಯಂತ್ರಕ್ಕೆ ಕೊಡುವುದು, ರಿಪೋರ್ಟ್ ಸರಿಯಾಗಿ ಬಂತಾ ಅಂತ ನೋಡುವುದು ನನ್ನ ಕೆಲಸ. ಕೆಲವು ವರ್ಷಗಳಿಂದ ನಾನೂ ಥೈರಾಯ್ಡ್ ಮಾತ್ರೆ ತಗೊಳ್ಳುತ್ತಿದ್ದೇನೆ. ಸೂಜಿಯ ಎರಡೂ ಕಡೆ ಕೂತು ನೋಡಿದವಳು ಅನ್ನಿ.

ರಿಪೋರ್ಟ್ ಕೈಗೆ ಬಂದ ಕೂಡಲೇ ಜನ ಕೇಳುವ ಪ್ರಶ್ನೆ ಬಹುತೇಕ ಒಂದೇ. "ಮೇಡಂ, ಟಿಎಸ್‌ಎಚ್ 12 ಅಂತ ಬಂದಿದೆ, ಥೈರಾಯ್ಡ್ ಜಾಸ್ತಿ ಆಗಿದೆಯಾ?" ಕಡಿಮೆ ಆಗಿದೆ ಅಂದರೆ ನಂಬುವುದೇ ಇಲ್ಲ. ಜಾಸ್ತಿ ಅಂತ ಕಪ್ಪು ಅಕ್ಷರದಲ್ಲಿ ಎದ್ದು ಕಾಣುತ್ತಿದೆಯಲ್ಲ ಅಂತಾರೆ. ಆದರೆ ಈ ಒಂದು ಸಂಗತಿ ತಲೆಗೆ ಇಳಿದರೆ ಉಳಿದದ್ದೆಲ್ಲ, ಅಂದರೆ ಮಾತ್ರೆ ಯಾವಾಗ ನುಂಗಬೇಕು, ಮತ್ತೆ ಯಾವಾಗ ಟೆಸ್ಟ್ ಮಾಡಿಸಬೇಕು, ಒಂದು ವಾರದಲ್ಲಿ ಗುಣ ಕಾಣಲಿಲ್ಲ ಅಂತ ಯಾಕೆ ಗಾಬರಿ ಬೀಳಬಾರದು, ಎಲ್ಲ ತಾನಾಗಿ ಅರ್ಥವಾಗುತ್ತದೆ.

ಟಿಎಸ್‌ಎಚ್ ಅನ್ನುವ ಹಾರ್ಮೋನ್ ಥೈರಾಯ್ಡಿನಲ್ಲಿ ಹುಟ್ಟುವುದಿಲ್ಲ. ಮೆದುಳಿನ ಬುಡದಲ್ಲಿ ಪಿಟ್ಯುಟರಿ ಅಂತ ಪುಟ್ಟ ಗ್ರಂಥಿ ಇದೆ, ಅಲ್ಲಿಂದ ಬರುತ್ತದೆ. ಪಿಟ್ಯುಟರಿಗೂ ಮೇಲೆ ಮೆದುಳಿನದೇ ಭಾಗವಾದ ಹೈಪೋಥಲಾಮಸ್ ಇದೆ. ಅದು ಟಿಆರ್‌ಎಚ್ ಅನ್ನುವ ಹಾರ್ಮೋನ್ ಕಳಿಸುತ್ತದೆ, ಮೂರೇ ಮೂರು ಅಮೈನೋ ಆಮ್ಲ ಜೋಡಿಸಿದ ತುಣುಕು. ಅದು ಬಂದರೆ ಪಿಟ್ಯುಟರಿ ಟಿಎಸ್‌ಎಚ್ ಬಿಡುತ್ತದೆ. ಟಿಎಸ್‌ಎಚ್ ರಕ್ತದ ಜೊತೆ ಕುತ್ತಿಗೆಗೆ ಬಂದು ಥೈರಾಯ್ಡಿಗೆ ಕೆಲಸ ಶುರು ಮಾಡು ಅನ್ನುತ್ತದೆ. ಥೈರಾಯ್ಡ್ ಅಯೋಡಿನ್ ಬಳಸಿ ಟಿ4 ಮತ್ತು ಸ್ವಲ್ಪ ಟಿ3 ಅನ್ನುವ ಹಾರ್ಮೋನುಗಳನ್ನು ಮಾಡುತ್ತದೆ. ಇವು ರಕ್ತದಲ್ಲಿ ಸಾಕಷ್ಟಾದರೆ ಮೇಲಿನ ಎರಡೂ ಕಡೆಗೆ ಸುದ್ದಿ ಮುಟ್ಟಿ ಟಿಆರ್‌ಎಚ್, ಟಿಎಸ್‌ಎಚ್ ಎರಡೂ ಇಳಿಯುತ್ತವೆ. ಸಾಲ ಕೊಟ್ಟವನು ಬಾಗಿಲು ತಟ್ಟುವ ಹಾಗೆ ಇದು: ಕಂತು ಬರುತ್ತಿದ್ದರೆ ಸುಮ್ಮನಿರುತ್ತಾನೆ, ನಿಂತರೆ ತಟ್ಟುವುದು ಜೋರಾಗುತ್ತದೆ. ರಿಪೋರ್ಟಿನಲ್ಲಿ ಕಾಣುವ 12 ಆ ತಟ್ಟುವ ಸದ್ದು.

ಸದ್ದು ಏರುವ ಪರಿ ಬೇರೆ ವಿಚಿತ್ರ. ಟಿ4 ಅರ್ಧಕ್ಕೆ ಇಳಿದರೆ ಟಿಎಸ್‌ಎಚ್ ಎರಡು ಪಟ್ಟು ಆಗಬೇಕು ಅಂತ ನಾವು ಅಂದುಕೊಳ್ಳುತ್ತೇವೆ, ಅಲ್ವಾ? ಅದು ಸುಮಾರು ನೂರು ಪಟ್ಟು ಏರಬಹುದು. ಹಾಗಾಗಿಯೇ ಟಿ4 ಇನ್ನೂ ನಾರ್ಮಲ್ ಗೆರೆಯೊಳಗೆ ಇರುವಾಗಲೇ ಟಿಎಸ್‌ಎಚ್ ಗೆರೆ ದಾಟಿರುತ್ತದೆ. ಡಾಕ್ಟ್ರು ಸಬ್‌ಕ್ಲಿನಿಕಲ್ ಅನ್ನುವುದು ಈ ಸ್ಥಿತಿಗೆ. ಬಹಳಷ್ಟು ಲ್ಯಾಬುಗಳಲ್ಲಿ ನಾರ್ಮಲ್ ಗೆರೆ ಹೆಚ್ಚುಕಮ್ಮಿ 0.4ರಿಂದ 4ರವರೆಗೆ ಇರುತ್ತದೆ. ಯಂತ್ರ ಬದಲಾದರೆ ಅದೂ ಸ್ವಲ್ಪ ಬದಲಾಗುತ್ತದೆ, ಆದ್ದರಿಂದ ನಿಮ್ಮ ರಿಪೋರ್ಟಿನ ಪಕ್ಕದಲ್ಲೇ ಬರೆದಿರುವ ಗೆರೆಯನ್ನು ನೋಡಿ, ಪಕ್ಕದ ಮನೆಯವರ ರಿಪೋರ್ಟನ್ನಲ್ಲ.

ನನ್ನದು ಸುಸ್ತಿನಿಂದ ಶುರುವಾಯಿತು. ಸುಸ್ತು ಯಾರಿಗಿಲ್ಲ ಹೇಳಿ. ಅನುಮಾನ ಬಂದಿದ್ದು ಗ್ಲೌಸಿನಿಂದ. ವರ್ಷಗಳಿಂದ ಹಾಕುತ್ತಿದ್ದ ಅಳತೆಯ ಗ್ಲೌಸು ಬೆಳಿಗ್ಗೆ ಹೊತ್ತು ಬೆರಳಿಗೆ ಇಳಿಯದೆ ಬಿಗಿಯತೊಡಗಿತು. ಒತ್ತಿದರೆ ಗುಳಿ ಬೀಳುತ್ತಿರಲಿಲ್ಲ, ಹಾಗಾಗಿ ಸಾಮಾನ್ಯವಾಗಿ ನೀರು ತುಂಬಿಕೊಳ್ಳುವ ಊತ ಇದಲ್ಲ ಅಂತ ಗೊತ್ತಾಯಿತು. ಥೈರಾಯ್ಡ್ ಹಾರ್ಮೋನ್ ಕಡಿಮೆಯಾದಾಗ ಚರ್ಮದ ಕೆಳಗೆ ಹಯಲುರಾನಿಕ್ ಆಮ್ಲದಂಥ ಅಂಟು ಪದಾರ್ಥಗಳು ಸೇರಿಕೊಂಡು ನೀರು ಹಿಡಿದಿಡುತ್ತವೆ. ದನಿ ದಪ್ಪಗಾಗುವುದರ ಹಿಂದೆಯೂ ಇದೇ ಊತ ಇರುತ್ತದೆ. ಯಂತ್ರದ ಕೋಣೆಯ ಏಸಿಯಲ್ಲಿ ಎಲ್ಲರೂ ಆರಾಮಾಗಿದ್ದರೆ ನಾನೊಬ್ಬಳೇ ಸ್ವೆಟರ್ ಹಾಕುತ್ತಿದ್ದೆ. ಮಲಬದ್ಧತೆ, ಒಡೆದ ಹಿಮ್ಮಡಿ, ಮುಟ್ಟಿನಲ್ಲಿ ವಿಪರೀತ ರಕ್ತಸ್ರಾವ, ಬಾಚಣಿಗೆ ತುಂಬ ಕೂದಲು. ಒಂದೊಂದಾಗಿ ನೋಡಿದರೆ ಯಾವುದೂ ಏನೂ ಹೇಳುವುದಿಲ್ಲ. ಒಟ್ಟಿಗೆ ಸಾಲಾಗಿ ನಿಂತರೆ ಬೇರೆ ಮಾತು.

ಡಾಕ್ಟ್ರು ರಕ್ತಕ್ಕೆ ಬರೆಯುವ ಮೊದಲೇ ಒಂದು ಕೆಲಸ ಮಾಡಿದರು. ಕುರ್ಚಿಯ ಮೇಲೆ ಮಂಡಿಯೂರಿ ಪಾದ ಹೊರಗೆ ಇಳಿಬಿಡಲು ಹೇಳಿ, ಹಿಮ್ಮಡಿಯ ಮೇಲಿನ ಸ್ನಾಯುರಜ್ಜುವಿಗೆ ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ಹೊಡೆದರು. ಪಾದ ಚಕ್ಕನೆ ಚಿಮ್ಮಿತು, ಆದರೆ ವಾಪಸ್ ಬರುವುದು ನಿಧಾನ. ಎಳೆದ ಸ್ನಾಯು ಸಡಿಲ ಆಗುವುದಕ್ಕೇ ಸಮಯ ತಗೊಳ್ಳುತ್ತಿತ್ತು. "ಟೆಸ್ಟ್ ಬರಲಿ, ಆದರೆ ನನಗೆ ಉತ್ತರ ಸಿಕ್ಕಿತು" ಅಂದರು. ಲಕ್ಷಾಂತರ ಬೆಲೆಯ ಯಂತ್ರದ ಮುಂದೆ ದಿನವೆಲ್ಲ ಕೂರುವ ನನಗೆ ಆ ಸುತ್ತಿಗೆ ನೋಡಿ ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು.

ಇಷ್ಟು ಸಣ್ಣ ಗ್ರಂಥಿ, ತೂಕ ಸುಮಾರು 20 ಗ್ರಾಂ, ತಲೆಗೂದಲಿನಿಂದ ಹಿಮ್ಮಡಿವರೆಗೆ ಎಲ್ಲ ಕಡೆ ಹೇಗೆ ಕೈ ಹಾಕುತ್ತದೆ? ಟಿ4 ಒಂಥರಾ ಕಚ್ಚಾ ಮಾಲು. ಅದರಲ್ಲಿ ನಾಲ್ಕು ಅಯೋಡಿನ್ ಪರಮಾಣು ಇರುತ್ತವೆ. ಲಿವರ್, ಕಿಡ್ನಿ, ಇನ್ನೂ ಹಲವು ಅಂಗಗಳು ತಮಗೆ ಬೇಕಾದಾಗ ಅದರಿಂದ ಒಂದನ್ನು ಕಿತ್ತು ಟಿ3 ಮಾಡಿಕೊಳ್ಳುತ್ತವೆ. ಮೈಯಲ್ಲಿರುವ ಟಿ3ಯಲ್ಲಿ ನೂರಕ್ಕೆ ಸುಮಾರು 80 ಭಾಗ ಹೀಗೆ ಥೈರಾಯ್ಡಿನ ಹೊರಗೆ ತಯಾರಾಗುತ್ತದೆ. ಟಿ3 ಜೀವಕೋಶದ ಒಳಗೆ, ಅದರ ನ್ಯೂಕ್ಲಿಯಸ್ಸಿನವರೆಗೂ ಹೋಗಿ, ಯಾವ ಜೀನ್ ಜಾಸ್ತಿ ಕೆಲಸ ಮಾಡಬೇಕು, ಯಾವುದು ಕಡಿಮೆ ಅನ್ನುವುದನ್ನೇ ಬದಲಿಸುತ್ತದೆ. ಹೃದಯದಲ್ಲಿ ಬಡಿತ, ಕರುಳಿನಲ್ಲಿ ಚಲನೆ, ಸ್ನಾಯುವಿನಲ್ಲಿ ಶಾಖ. ಲಿವರಿನಲ್ಲಿ ಕೆಟ್ಟ ಕೊಲೆಸ್ಟ್ರಾಲನ್ನು ರಕ್ತದಿಂದ ಹಿಡಿದು ಒಳಗೆ ಎಳೆದುಕೊಳ್ಳುವ ರಿಸೆಪ್ಟರ್‌ಗಳ ಸಂಖ್ಯೆ ಕೂಡ ಇದರ ಮೇಲೆ ನಿಂತಿದೆ. ನನ್ನ ಕೊಲೆಸ್ಟ್ರಾಲ್ ಅದೇ ಹೊತ್ತಿಗೆ ಏರಿತ್ತು. ಡಾಕ್ಟ್ರು ಅದಕ್ಕೆ ಬೇರೆ ಮಾತ್ರೆ ಕೊಡಲಿಲ್ಲ, ಮೊದಲು ಥೈರಾಯ್ಡ್ ಸರಿಹೋಗಲಿ ಅಂದರು. ಟಿಎಸ್‌ಎಚ್ ಇಳಿದ ಮೇಲೆ ಅದೂ ಇಳಿಯಿತು.

ಹಾರ್ಮೋನುಗಳು ಒಂದಕ್ಕೊಂದು ಹೆಣೆದುಕೊಂಡಿರುವುದಕ್ಕೆ ಇನ್ನೊಂದು ಉದಾಹರಣೆ ಪ್ರೊಲ್ಯಾಕ್ಟಿನ್. ಟಿಆರ್‌ಎಚ್ ಏರಿದಾಗ ಅದು ಟಿಎಸ್‌ಎಚ್ ಒಂದನ್ನೇ ಅಲ್ಲ, ಪಿಟ್ಯುಟರಿಯಿಂದ ಪ್ರೊಲ್ಯಾಕ್ಟಿನ್ನನ್ನೂ ಹೊರಡಿಸಬಹುದು. ಹಾಲು ಬರಿಸುವ ಹಾರ್ಮೋನ್ ಅದು, ಜಾಸ್ತಿಯಾದರೆ ಅಂಡೋತ್ಪತ್ತಿಗೆ ಅಡ್ಡ ಬರುತ್ತದೆ. ಮುಟ್ಟು ಏರುಪೇರಾಗಿದೆ, ಮಗು ಆಗುತ್ತಿಲ್ಲ ಅಂತ ಹೋದವರಿಗೆ ಮೊದಲು ಥೈರಾಯ್ಡ್ ಟೆಸ್ಟ್ ಬರೆಯುವುದಕ್ಕೆ ಇದೂ ಒಂದು ಕಾರಣ.

ನನ್ನ ಟ್ಯೂಬನ್ನು ನಾನೇ ಓಡಿಸಿದೆ. ರಕ್ತ ಹೆಪ್ಪುಗಟ್ಟಲು ಅರ್ಧ ಗಂಟೆ ಬಿಟ್ಟು, ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದರೆ ಮೇಲೆ ಸೀರಂ ಅನ್ನುವ ತಿಳಿ ದ್ರವ ಬರುತ್ತದೆ. ನನ್ನದು ತುಸು ಜಾಸ್ತಿಯೇ ಹಳದಿ ಅಂತ ಕಂಡಿತು. ಯಂತ್ರದೊಳಗೆ ಟಿಎಸ್‌ಎಚ್ಚಿನ ಒಂದು ತುದಿಯನ್ನು ಒಂದು ಆಂಟಿಬಾಡಿ ಹಿಡಿಯುತ್ತದೆ, ಇನ್ನೊಂದು ತುದಿಯನ್ನು ಬೆಳಕು ಕೊಡುವ ಗುರುತು ಹೊತ್ತ ಮತ್ತೊಂದು ಆಂಟಿಬಾಡಿ. ಎಷ್ಟು ಬೆಳಕು ಬಂತೋ ಅಷ್ಟು ಟಿಎಸ್‌ಎಚ್. ಆಂಟಿಬಾಡಿ ಹಿಡಿದು ಹಾರ್ಮೋನ್ ಅಳೆಯುವ ಈ ದಾರಿಯನ್ನು ತೆರೆದವರು ರೊಸಲಿನ್ ಯಾಲೊ ಮತ್ತು ಸಾಲೊಮನ್ ಬರ್ಸನ್. 1977ರಲ್ಲಿ ಯಾಲೊ ಅವರಿಗೆ ನೊಬೆಲ್ ಬಂತು. ಅದೇ ವರ್ಷ, ಅದೇ ಬಹುಮಾನವನ್ನು ಹಂಚಿಕೊಂಡ ಗಿಯೆಮಾಂ ಮತ್ತು ಶಾಲಿ ಟಿಆರ್‌ಎಚ್ ಬೇರ್ಪಡಿಸಿದವರು.

ಟಿಎಸ್‌ಎಚ್ 28. ಫ್ರೀ ಟಿ4, ಅಂದರೆ ರಕ್ತದಲ್ಲಿ ಪ್ರೊಟೀನಿಗೆ ಅಂಟದೆ ಬಿಡಿಯಾಗಿರುವ ಟಿ4, ಗೆರೆಯ ಕೆಳಗೆ. ಥೈರಾಯ್ಡಿನ ಮೇಲೇ ತಿರುಗಿ ಬೀಳುವ ಆಂಟಿ ಟಿಪಿಒ ಆಂಟಿಬಾಡಿ ತುಂಬಾ ಜಾಸ್ತಿ. ಅಂದರೆ ಹಾಶಿಮೊಟೊ, ನಮ್ಮದೇ ರೋಗನಿರೋಧಕ ಪಡೆ ನಮ್ಮದೇ ಗ್ರಂಥಿಯನ್ನು ತಿಂದು ಹಾಕುವ ಕಾಯಿಲೆ. 1912ರಲ್ಲಿ ಹಕರು ಹಾಶಿಮೊಟೊ ನಾಲ್ಕು ಹೆಂಗಸರ ಥೈರಾಯ್ಡ್ ಗ್ರಂಥಿಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಇದನ್ನು ವಿವರಿಸಿದರು. ಇದಕ್ಕೆ ಅಯೋಡಿನ್ ಜಾಸ್ತಿ ತಗೊಂಡರೆ ಸರಿಹೋಗುತ್ತದೆ ಅಂತ ಸಲಹೆ ಕೊಡುವವರು ಬೇಕಾದಷ್ಟು ಜನ. ದೊಡ್ಡವರಿಗೆ ದಿನಕ್ಕೆ 150 ಮೈಕ್ರೋಗ್ರಾಂ ಅಯೋಡಿನ್ ಬೇಕು, ಅದು ಸಿಗುತ್ತಿದ್ದರೆ ಸಾಕು. ಹಾಶಿಮೊಟೊ ಇರುವವರು ಮೇಲಿಂದ ಮೇಲೆ ಸುರಿದರೆ ಗ್ರಂಥಿಯ ಕೆಲಸ ಇನ್ನೂ ಕುಗ್ಗಬಹುದು.

ಮಾತ್ರೆ ಲಿವೊಥೈರಾಕ್ಸಿನ್. ಅದು ಟಿ4ಏ, ಬೇರೆ ಔಷಧಿಯಲ್ಲ, ಗ್ರಂಥಿ ಮಾಡದೇ ಬಿಟ್ಟದ್ದನ್ನು ಹೊರಗಿನಿಂದ ತುಂಬಿಕೊಡುವುದು. 100 ಅಂತ ಬರೆದಿದ್ದು ನೋಡಿ "ಇಷ್ಟು ದೊಡ್ಡ ಡೋಸಾ" ಅಂತ ಹೆದರುವವರಿದ್ದಾರೆ. ಅದು ಮೈಕ್ರೋಗ್ರಾಂ ಲೆಕ್ಕ. ಜ್ವರಕ್ಕೆ ನುಂಗುವ 500 ಮಿಲಿಗ್ರಾಂ ಪ್ಯಾರಾಸಿಟಮಾಲ್ ಇದರ ಐದು ಸಾವಿರ ಪಟ್ಟು. 1891ರಲ್ಲಿ ಜಾರ್ಜ್ ಮರ್ರೆ ಎಂಬ ಇಂಗ್ಲಿಷ್ ಡಾಕ್ಟರ್ ಕುರಿಯ ಥೈರಾಯ್ಡ್ ರಸವನ್ನು ಚುಚ್ಚಿ ಒಬ್ಬ ಹೆಂಗಸಿಗೆ ಚಿಕಿತ್ಸೆ ಕೊಟ್ಟರು, ಆಕೆ ಅದಾದ ಮೇಲೆ 28 ವರ್ಷ ಬದುಕಿದರು. ಥೈರಾಕ್ಸಿನ್ನನ್ನು ಶುದ್ಧವಾಗಿ ಬೇರ್ಪಡಿಸಿದ್ದು 1914ರಲ್ಲಿ ಎಡ್ವರ್ಡ್ ಕೆಂಡಲ್. ನಾವು ಒಂದು ಚಿಕ್ಕ ಬಿಳಿ ಮಾತ್ರೆಯಲ್ಲಿ ಮುಗಿಸಿಬಿಡುತ್ತೇವೆ.

ನಾನು ತಗೊಳ್ಳುವ ರೀತಿ ಹೀಗೆ. ಮಾತ್ರೆಯ ಪಟ್ಟಿ ಹಾಸಿಗೆಯ ಪಕ್ಕದಲ್ಲೇ. ಎದ್ದ ಕೂಡಲೇ ಬರೀ ನೀರಿನಲ್ಲಿ ನುಂಗುತ್ತೇನೆ. ಆಮೇಲೆ ಒಂದು ಗಂಟೆ ಕಾಫಿಯೂ ಇಲ್ಲ, ತಿಂಡಿಯೂ ಇಲ್ಲ, ಯಾಕೆಂದರೆ ಎರಡೂ ಮಾತ್ರೆ ಹೀರಿಕೊಳ್ಳುವುದನ್ನು ತಗ್ಗಿಸುತ್ತವೆ. ರಕ್ತಸ್ರಾವದಿಂದ ಹಿಮೋಗ್ಲೋಬಿನ್ ಇಳಿದಿದ್ದಕ್ಕೆ ನನಗೆ ಕಬ್ಬಿಣದ ಮಾತ್ರೆಯೂ ಇತ್ತು. ಕಬ್ಬಿಣ, ಕ್ಯಾಲ್ಸಿಯಂ ಎರಡೂ ಹೊಟ್ಟೆಯಲ್ಲೇ ಥೈರಾಕ್ಸಿನ್ನಿಗೆ ಅಂಟಿಕೊಂಡು ಅದನ್ನು ಒಳಗೆ ಹೋಗಲು ಬಿಡುವುದಿಲ್ಲ. ನಾಲ್ಕು ಗಂಟೆಯಾದರೂ ಅಂತರ ಬೇಕು. ನಾನು ಕಬ್ಬಿಣದ ಮಾತ್ರೆಯನ್ನು ರಾತ್ರಿಗೆ ಹಾಕಿಕೊಂಡೆ, ತಲೆನೋವೇ ಇಲ್ಲ. ಮಾತ್ರೆಗೆ ಬಿಸಿಲು, ತೇವ ಆಗುವುದಿಲ್ಲ, ಪಟ್ಟಿಯಿಂದ ಕಿತ್ತು ಡಬ್ಬಿಗೆ ಸುರಿದಿಡಬೇಡಿ.

ಇನ್ನು ಕಾಯುವ ಮಾತು. ರಕ್ತದಲ್ಲಿ ಟಿ4 ಅರ್ಧವಾಗಲು ಸುಮಾರು ಏಳು ದಿನ ಬೇಕು. ಹಾಗಾಗಿ ಹೊಸ ಡೋಸ್ ಮೈಯಲ್ಲಿ ಒಂದು ಮಟ್ಟಕ್ಕೆ ನಿಲ್ಲಲು ಐದಾರು ವಾರ ಹಿಡಿಯುತ್ತದೆ. ಯಂತ್ರ ಕೈಯಲ್ಲೇ ಇತ್ತಲ್ಲ, ಕುತೂಹಲಕ್ಕೆ ನಡುವೆ ಒಮ್ಮೆ ನೋಡಿದೆ. ಫ್ರೀ ಟಿ4 ಆಗಲೇ ಗೆರೆಯೊಳಗೆ ಬಂದಿತ್ತು, ಟಿಎಸ್‌ಎಚ್ ಮಾತ್ರ ಇನ್ನೂ ಮೇಲೇ ಇತ್ತು. ಕಂತು ಬಂದು ತಲುಪಿದರೂ ಪಿಟ್ಯುಟರಿ ಅಷ್ಟು ಬೇಗ ನಂಬುವುದಿಲ್ಲ. ಡೋಸ್ ಬದಲಿಸಿದ ಮೇಲೆ ಆರರಿಂದ ಎಂಟು ವಾರ ಬಿಟ್ಟು ಬನ್ನಿ ಅನ್ನುವುದು ಇದಕ್ಕೇ. ಮೂರನೇ ವಾರಕ್ಕೆ ಟೆಸ್ಟ್ ಮಾಡಿಸಿ, ಇಳಿದಿಲ್ಲ ಅಂತ ಡೋಸ್ ಏರಿಸಿಕೊಂಡರೆ ಆಮೇಲೆ ಎದೆ ಡವಡವ, ಕೈ ನಡುಕ, ನಿದ್ದೆ ಹಾರಿಹೋಗುವುದು.

ನನ್ನಲ್ಲಿ ಮೊದಲು ಹೋಗಿದ್ದು ಚಳಿ. ಆಮೇಲೆ ಹೊಟ್ಟೆ ಸರಿಹೋಯಿತು, ಗ್ಲೌಸು ಸರಾಗವಾಗಿ ಇಳಿಯತೊಡಗಿತು. ಕೂದಲು ಕಟ್ಟಕಡೆಗೆ. ಕೂದಲಿನ ಬುಡಕ್ಕೆ ತನ್ನದೇ ತಿಂಗಳುಗಳ ಚಕ್ರ ಇದೆ, ಟಿಎಸ್‌ಎಚ್ ನಾರ್ಮಲ್ ಬಂದ ಮೇಲೂ ಸ್ವಲ್ಪ ಕಾಲ ಉದುರುತ್ತಲೇ ಇತ್ತು. ತೂಕ ಒಂಚೂರು ಇಳಿಯಿತು, ಅಷ್ಟೇ. ಥೈರಾಯ್ಡಿನಿಂದ ಏರುವ ತೂಕದಲ್ಲಿ ದೊಡ್ಡ ಪಾಲು ಉಪ್ಪು ಮತ್ತು ನೀರಿನದು, ಸಾಮಾನ್ಯವಾಗಿ ಕೆಲವೇ ಕಿಲೋ. ಹದಿನೈದು, ಇಪ್ಪತ್ತು ಕಿಲೋ ಏರಿದ್ದನ್ನೆಲ್ಲ ಈ ಬಡಪಾಯಿ ಗ್ರಂಥಿಯ ತಲೆಗೆ ಕಟ್ಟುವುದು ಅನ್ಯಾಯ.

ಕೂದಲಿನ ಮಾತು ಬಂತಲ್ಲ, ಬಯೋಟಿನ್ ಬಗ್ಗೆ ಹೇಳಲೇಬೇಕು. ಮೈಗೆ ದಿನಕ್ಕೆ 30 ಮೈಕ್ರೋಗ್ರಾಂ ಬಯೋಟಿನ್ ಸಾಕು. ಕೂದಲಿಗೆ ಅಂತ ಮಾರುವ ಮಾತ್ರೆಗಳಲ್ಲಿ 5ರಿಂದ 10 ಮಿಲಿಗ್ರಾಂ ಇರುವುದುಂಟು. ಹಲವು ಯಂತ್ರಗಳು ಆಂಟಿಬಾಡಿಯನ್ನು ಹಿಡಿದಿಡಲು ಬಯೋಟಿನ್ನನ್ನೇ ಕೊಂಡಿಯಾಗಿ ಬಳಸುತ್ತವೆ. ರಕ್ತದಲ್ಲೂ ಅದು ತುಂಬಿಕೊಂಡಿದ್ದರೆ ಲೆಕ್ಕ ತಪ್ಪುತ್ತದೆ: ಟಿಎಸ್‌ಎಚ್ ಸುಳ್ಳೇ ಕಡಿಮೆ, ಟಿ4 ಸುಳ್ಳೇ ಜಾಸ್ತಿ. ಆರೋಗ್ಯವಾಗಿರುವವರಿಗೂ ಥೈರಾಯ್ಡ್ ಅತಿಯಾದಂತೆ ರಿಪೋರ್ಟ್ ಬರುತ್ತದೆ. ಟೆಸ್ಟಿಗೆ ಎರಡು ದಿನ ಮೊದಲೇ ನಿಲ್ಲಿಸಿ, ರಕ್ತ ತೆಗೆಯುವವರಿಗೂ ಹೇಳಿ. ಟಿಎಸ್‌ಎಚ್ ರಾತ್ರಿ ಏರಿ ಮಧ್ಯಾಹ್ನ ಇಳಿಯುವುದರಿಂದ ಪ್ರತಿ ಸಲವೂ ಹೆಚ್ಚುಕಮ್ಮಿ ಅದೇ ಹೊತ್ತಿಗೆ ಬನ್ನಿ. ಆ ದಿನದ ಮಾತ್ರೆಯನ್ನು ರಕ್ತ ಕೊಟ್ಟ ಮೇಲೆ ನುಂಗಿ, ನುಂಗಿದ ಮೇಲೆ ಕೆಲವು ಗಂಟೆ ಫ್ರೀ ಟಿ4 ಏರಿರುತ್ತದೆ.

ಗರ್ಭಿಣಿಯರದು ಬೇರೆ ಲೆಕ್ಕ. ಮೊದಲ ಮೂರು ತಿಂಗಳು ಮಗು ಅಮ್ಮನ ಥೈರಾಯ್ಡ್ ಹಾರ್ಮೋನನ್ನೇ ನಂಬಿಕೊಂಡಿರುತ್ತದೆ, ಅದರ ಮೆದುಳು ಬೆಳೆಯಲು ಅದು ಬೇಕೇ ಬೇಕು. ಮೊದಲೇ ಮಾತ್ರೆಯಲ್ಲಿರುವವರಿಗೆ ಡೋಸ್ ಸಾಮಾನ್ಯವಾಗಿ ಕಾಲು ಭಾಗದಿಂದ ಅರ್ಧದಷ್ಟು ಏರಿಸಬೇಕಾಗುತ್ತದೆ. ಗೊತ್ತಾದ ದಿನವೇ ಡಾಕ್ಟ್ರಿಗೆ ಫೋನ್ ಮಾಡಿ, ಮುಂದಿನ ತಿಂಗಳ ಭೇಟಿಯವರೆಗೆ ಕಾಯಬೇಡಿ.

ಕೌಂಟರಿನಲ್ಲಿ ನನ್ನ ಕಿವಿಗೆ ಬೀಳುವ ಇನ್ನೊಂದು ಪ್ರಶ್ನೆ: "ನಾರ್ಮಲ್ ಬಂತಲ್ಲ ಮೇಡಂ, ಮಾತ್ರೆ ಬಿಡಲಾ?" ನಾರ್ಮಲ್ ಬಂದಿರುವುದೇ ಮಾತ್ರೆಯಿಂದ. ಬಿಟ್ಟರೆ ಮೊದಲ ವಾರ ಏನೂ ಗೊತ್ತಾಗುವುದಿಲ್ಲ, ಹಳೆಯ ಟಿ4 ಇನ್ನೂ ಓಡಾಡುತ್ತಿರುತ್ತದೆ, ಬಿಟ್ಟಿದ್ದೇ ಒಳ್ಳೆಯದಾಯಿತು ಅಂತಲೂ ಅನಿಸಬಹುದು. ತಿಂಗಳು ಕಳೆಯುವಷ್ಟರಲ್ಲಿ ಟಿಎಸ್‌ಎಚ್ ಮತ್ತೆ ಮೇಲಕ್ಕೆ. ಹೆರಿಗೆಯ ನಂತರ ಬರುವ ಥೈರಾಯ್ಡಿನ ಉರಿಯೂತ, ಅಂದರೆ ಥೈರಾಯ್ಡೈಟಿಸ್‌ನಂಥ ಕೆಲವದರಲ್ಲಿ ಗ್ರಂಥಿ ಮತ್ತೆ ಚೇತರಿಸಿಕೊಳ್ಳುತ್ತದೆ, ಅಂಥವರಿಗೆ ಡಾಕ್ಟ್ರೇ ಡೋಸ್ ಇಳಿಸುತ್ತಾ ನಿಲ್ಲಿಸಿ ನೋಡುತ್ತಾರೆ. ನನ್ನಂಥ ಹಾಶಿಮೊಟೊದವರಲ್ಲಿ ಅದು ಅಪರೂಪ. ನಾನೀಗ ವರ್ಷಕ್ಕೊಮ್ಮೆ ಟೆಸ್ಟ್ ಮಾಡಿಸುತ್ತೇನೆ, ಮಾತ್ರೆಯ ಕಂಪನಿ ಬದಲಾದರೆ ಆರು ವಾರ ಬಿಟ್ಟು ಇನ್ನೊಮ್ಮೆ.