ಪೆಡಲ್ ತುಳಿದರೂ ಹೊತ್ತದ ಬ್ರೇಕ್ ಲೈಟು

ಬೈಕಿನ ಬ್ರೇಕ್ ಲೈಟು ಕೆಟ್ಟಿರುವುದು ಓಡಿಸುವವರಿಗೆ ಕಾಣುವುದಿಲ್ಲ. ಹಿಂದೆ ಬರುವವರು ಬೈದಾಗಲೇ ಗೊತ್ತಾಗುವುದು. ಗ್ಯಾರೇಜಿಗೆ ಹೋದರೆ ‘ಸ್ವಿಚ್ ಹೋಗಿದೆ’ ಎಂಬ ಉತ್ತರ ಸಿದ್ಧ. ಹೋಗಿರಲೂಬಹುದು. ಆದರೆ ಹೊಸದು ಕೊಳ್ಳುವ ಮುಂಚೆ ಅಂಗಳದಲ್ಲೇ ಹತ್ತು ನಿಮಿಷ ಕೂತು ನೋಡಿ.

ಗಾಡಿಯ ಹಿಂಭಾಗ ಗೋಡೆಯ ಕಡೆ ಬರುವಂತೆ ನಿಲ್ಲಿಸಿ ಕೀ ಆನ್ ಮಾಡಿ. ಸಂಜೆಯಾದರೆ ಕೆಂಪು ಬೆಳಕು ಗೋಡೆಗೆ ಬಿದ್ದದ್ದು ಕನ್ನಡಿಯಲ್ಲೇ ಕಾಣುತ್ತದೆ. ಮೊದಲು ಮುಂದಿನ ಬ್ರೇಕ್ ಹಿಡಿಯಿರಿ. ಅದಕ್ಕೆ ಲೈಟು ಹೊತ್ತಿ ಪೆಡಲಿಗೆ ಹೊತ್ತದಿದ್ದರೆ ಬಲ್ಬು, ಫ್ಯೂಸು ಎರಡೂ ಸರಿಯಿವೆ. ದೋಷ ಪೆಡಲಿನ ಕಡೆಯೇ. ಎರಡಕ್ಕೂ ಹೊತ್ತದಿದ್ದರೆ ಬಲ್ಬು ಬಿಚ್ಚಿ. ಹಲವು ಗಾಡಿಗಳದ್ದು 12 ವೋಲ್ಟ್, 21/5 ವ್ಯಾಟ್‌ನ, ಒಳಗೆ ಉರಿಯುವ ತಂತಿ ಎರಡಿರುವ ಬಲ್ಬು. 5 ವ್ಯಾಟ್ ಟೈಲ್ ಲೈಟಿಗೆ, 21 ಬ್ರೇಕಿಗೆ. ಹಾಗಾಗಿ ‘ಹಿಂದಿನ ಲೈಟು ಉರೀತಿದೆಯಲ್ಲ’ ಎಂಬ ಸಮಾಧಾನ ಇಲ್ಲಿ ನಡೆಯದು.

ಇನ್ನು ಪೆಡಲಿನ ಕಡೆ. ಬಲಬದಿಯಲ್ಲಿ ಪೆಡಲಿನಿಂದ ಸಣ್ಣ ಸ್ಪ್ರಿಂಗೊಂದು ಮೇಲಕ್ಕೆ ಹೋಗಿ ಬೆರಳು ಗಾತ್ರದ ಸ್ವಿಚ್ಚಿಗೆ ಸಿಕ್ಕಿಕೊಂಡಿರುತ್ತದೆ. ಪೆಡಲ್ ತುಳಿದಾಗ ಸ್ಪ್ರಿಂಗು ಸ್ವಿಚ್ಚಿನ ಕಡ್ಡಿಯನ್ನು ಕೆಳಕ್ಕೆಳೆಯುತ್ತದೆ, ಒಳಗೆ ಕರೆಂಟು ಕೂಡುತ್ತದೆ. ಇಷ್ಟೇ ಯಂತ್ರ. ಚಕ್ರದ ಕೆಸರೆಲ್ಲ ಬಡಿಯುವ ಜಾಗವಾದ್ದರಿಂದ, ಒಂದು ಮಳೆಗಾಲ ಓಡಿದ ಗಾಡಿಯಲ್ಲಿ ಕಡ್ಡಿ ಮಣ್ಣು ಹಿಡಿದು ಕೂತಿರುವುದು, ಸ್ಪ್ರಿಂಗು ತುಕ್ಕಿಗೆ ತುಂಡಾಗಿರುವುದು ಮಾಮೂಲು. ಹಳೇ ಬ್ರಷ್ಷಿನಿಂದ ಉಜ್ಜಿ, ಸ್ಪ್ರಿಂಗನ್ನು ಕೈಯಿಂದ ಕೆಳಕ್ಕೆಳೆಯಿರಿ. ಆಗ ಲೈಟು ಹೊತ್ತಿದರೆ ಸ್ವಿಚ್ಚು ಬದುಕಿದೆ, ಬೇಕಿರುವುದು ಹೊಂದಾಣಿಕೆ ಮಾತ್ರ.

ಇಲ್ಲೇ ಎಲ್ಲರೂ ಎಡವುವುದು. ಸ್ವಿಚ್ಚನ್ನೇ ಹಿಡಿದು ತಿರುಗಿಸಬೇಡಿ, ವೈರು ಮುರುಚಿ ಕಿತ್ತುಬರುತ್ತದೆ. ಸ್ವಿಚ್ಚನ್ನು ಒಂದು ಕೈಯಲ್ಲಿ ಅಲ್ಲಾಡದಂತೆ ಹಿಡಿದು, ಅದರ ಮೈಯ ತಿರುಪಿಗೆ ಕೂತ ನಟ್ಟನ್ನಷ್ಟೇ ತಿರುಗಿಸಿ. ಸ್ವಿಚ್ಚು ಮೇಲೇರಿದರೆ ಲೈಟು ಬೇಗ ಹೊತ್ತುತ್ತದೆ, ಇಳಿದರೆ ತಡವಾಗಿ. ಬ್ರೇಕು ಹಿಡಿಯುವುದಕ್ಕೆ ಕೂದಲೆಳೆಯಷ್ಟು ಮುಂಚೆ ಹೊತ್ತಬೇಕು. ಕಾಲು ತೆಗೆದರೂ ಆರದಿದ್ದರೆ ತೀರಾ ಮೇಲೇರಿಸಿದ್ದೀರಿ.

ಎಳೆದರೂ ಹೊತ್ತಲಿಲ್ಲವೇ? ಸ್ವಿಚ್ಚಿನ ಎರಡು ವೈರುಗಳ ಜಾಡು ಹಿಡಿದು ಸೈಡ್ ಪ್ಯಾನೆಲ್ ಒಳಗಿನ ಕನೆಕ್ಟರ್ ಬಿಚ್ಚಿ. ಹಸಿರು ಕಿಲುಬಿದ್ದರೆ ಕೆರೆದು ತೆಗೆದು, ಮತ್ತೆ ಕೂಡಿಸಿ ನೋಡಿ. ಆಗಲೂ ಹೊತ್ತದಿದ್ದರೆ ಕನೆಕ್ಟರ್ ಬಿಚ್ಚಿ, ಗಾಡಿಯ ಕಡೆಯ ಎರಡು ತುದಿಗಳನ್ನು ತುಂಡು ವೈರಿನಿಂದ ಒಂದಕ್ಕೊಂದು ಕೂಡಿಸಿ. ಗಾಡಿಯ ಲೋಹದ ಮೈಗೆ ತಾಗಿಸಿದರೆ ಫ್ಯೂಸು ಹೋದೀತು, ಜೋಕೆ. ಲೈಟು ಹೊತ್ತಿತೆಂದರೆ ಸ್ವಿಚ್ಚು ಸತ್ತದ್ದು ಖಾತ್ರಿ, ಅಂಗಡಿಗೆ ನಡೆಯಿರಿ. ಹೊತ್ತದಿದ್ದರೆ ವೈರು ಎಲ್ಲೋ ಕಡಿದಿದೆ, ಹೊಸ ಸ್ವಿಚ್ಚು ದಂಡ.

ಡ್ರಮ್ ಬ್ರೇಕಿನವರಿಗೆ ಇನ್ನೊಂದು ಮಾತು. ಹಿಂದಿನ ಬ್ರೇಕನ್ನು ಬಿಗಿ ಮಾಡಿಸಿದಾಗಲೆಲ್ಲ ಪೆಡಲಿನ ಓಟ ಬದಲಾಗುತ್ತದೆ. ಮೆಕ್ಯಾನಿಕ್ ಸ್ಪ್ಯಾನರ್ ಕೆಳಗಿಡುವ ಮುಂಚೆ ಒಮ್ಮೆ ತುಳಿದು, ಹಿಂದಿರುಗಿ ನೋಡಿ.