ನಲವತ್ತೆರಡು ಗ್ರಾಂ

ಎರಡು ವರ್ಷಗಳ ಹಿಂದೆ ಒಂದು 10 ಮೀಟರ್ ಏರ್ ಪಿಸ್ತೂಲ್ ಸ್ಪರ್ಧೆಯ ಹಿಂದಿನ ಸಂಜೆ, ಸಲಕರಣೆ ತಪಾಸಣೆಯ ಮೇಜಿನ ಮೇಲಿದ್ದ ತಕ್ಕಡಿಯಲ್ಲಿ ನನ್ನ ಪಿಸ್ತೂಲು 1,542 ಗ್ರಾಂ ತೂಗಿತು. ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟದ ನಿಯಮದಂತೆ ಏರ್ ಪಿಸ್ತೂಲು ತನ್ನೆಲ್ಲ ಜೋಡಣೆಗಳೊಂದಿಗೆ 1,500 ಗ್ರಾಂ ಮೀರುವಂತಿಲ್ಲ. ತಪಾಸಕರು ಮತ್ತೊಮ್ಮೆ ತೂಗಿ, ಅದೇ ಅಂಕಿಯನ್ನು ನನಗೆ ತೋರಿಸಿ, ಪಿಸ್ತೂಲನ್ನು ಹಿಂದಕ್ಕೆ ಕೊಟ್ಟರು. ಉಳಿದಿದ್ದ ದಾರಿ ಒಂದೇ. ಬ್ಯಾರೆಲ್‌ನ ಕೆಳಗೆ ಕಟ್ಟಿದ್ದ ಹಿತ್ತಾಳೆಯ ಉರುಳೆಯನ್ನು ಅಲ್ಲಿಯೇ ಬಿಚ್ಚಿ ಜೇಬಿಗೆ ಹಾಕಿಕೊಂಡೆ. ಮರುದಿನ, ವರ್ಷವಿಡೀ ಅಭ್ಯಾಸ ಮಾಡಿದ ತೂಕವೇ ಇಲ್ಲದ ಪಿಸ್ತೂಲಿನಿಂದ ಅರವತ್ತು ಗುಂಡು ಹೊಡೆದು 541 ಅಂಕ ಗಳಿಸಿದೆ. ಅಭ್ಯಾಸದಲ್ಲಿ 560ರ ಆಸುಪಾಸಿನಲ್ಲಿರುತ್ತಿದ್ದವನಿಗೆ ಅದು ನಾಚಿಕೆಯ ಅಂಕವೇ ಆಗಿತ್ತು.

ಇಂದಿನ ಸಂಕುಚಿತ ಗಾಳಿಯ ಪಿಸ್ತೂಲುಗಳು ಹೆಚ್ಚುಕಡಿಮೆ ಒಂದು ಕಿಲೋ ತೂಗುತ್ತವೆ. ಅವುಗಳ ಒಡೆಯರಿಗೆ ಈ ಮಿತಿಯ ಚಿಂತೆ ಬರುವುದೇ ಅಪರೂಪ. ನನ್ನದು ಕೈಬದಲಾಗಿ ಬಂದ ಹಳೆಯ ಫೈನ್‌ವೆರ್ಕ್‌ಬೌ 65, ಪಕ್ಕದ ಸನ್ನೆಯನ್ನು ಎಳೆದು ಸ್ಪ್ರಿಂಗ್ ಬಿಗಿಸುವ ಜರ್ಮನ್ ಪಿಸ್ತೂಲು. ಅದರ ಉಕ್ಕಿನ ಮೈಯೇ ಭಾರ. ಅದಕ್ಕೆ ನಾನು ಮಾಡಿದ ಉಪಕಾರಗಳು ಎರಡು. ಮೂಲದ ಹಿಡಿ ನನ್ನ ಅಂಗೈಗೆ ಚಿಕ್ಕದಾಗಿತ್ತು ಎಂದು ಅಜ್ಜನ ಮನೆಯ ಮುರಿದ ಮಂಚದ ಬೀಟೆ ಕಾಲಿನಿಂದ ಹೊಸ ಹಿಡಿಯೊಂದನ್ನು ಕೆತ್ತಿ, ಎಲ್ಲೆಲ್ಲಿ ಕೈಗೂ ಮರಕ್ಕೂ ನಡುವೆ ಸಂದು ಉಳಿಯಿತೋ ಅಲ್ಲೆಲ್ಲ ಎಪಾಕ್ಸಿ ಪುಟ್ಟಿ ತುಂಬಿದ್ದೆ. ಸ್ಪ್ರಿಂಗಿನ ಕುಲುಕಾಟ ತಗ್ಗಲಿ, ಮೂತಿ ಅಲುಗದಿರಲಿ ಎಂದು ಮುಂದುಗಡೆ ಹಿತ್ತಾಳೆಯನ್ನು ಕಟ್ಟಿದ್ದೆ. ಎರಡನ್ನೂ ಮಾಡುವಾಗ ಒಮ್ಮೆಯೂ ತೂಗಿ ನೋಡಿರಲಿಲ್ಲ. ಕೈಗೆ ಹಿತವಾಗಿದ್ದುದು ನಿಯಮಕ್ಕೂ ಹಿತವಾಗಿರುತ್ತದೆ ಎಂದುಕೊಂಡಿದ್ದೆನೇನೋ.

ನಮ್ಮ ರೇಂಜಿನ ಹಿರಿಯರೊಬ್ಬರು ಈ ಕಥೆ ಕೇಳಿ, "ನೀವು ತಡವಾಗಿ ಹುಟ್ಟಿದಿರಿ ಕಣ್ರೀ, ಫ್ರೀ ಪಿಸ್ತೂಲಿನಲ್ಲಾಗಿದ್ದರೆ ಯಾರೂ ಕೇಳುತ್ತಿರಲಿಲ್ಲ" ಎಂದು ನಕ್ಕರು. ಅವರ ಮಾತು ನಿಜ. ಫ್ರೀ ಪಿಸ್ತೂಲು ಎಂದು ಕರೆಯುತ್ತಿದ್ದ 50 ಮೀಟರ್ ಪಿಸ್ತೂಲಿಗೆ ತೂಕದ ಮಿತಿಯಿರಲಿಲ್ಲ. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಭಾಗವಹಿಸಿದ್ದು ಅದೇ ಸ್ಪರ್ಧೆಯಲ್ಲಿ, ಮತ್ತು ಒಲಿಂಪಿಕ್ಸ್‌ನಲ್ಲಿ ಆ ಸ್ಪರ್ಧೆ ನಡೆದದ್ದು ಅದೇ ಕೊನೆಯ ಬಾರಿ.

ಪಿಸ್ತೂಲನ್ನು ನಿಯಮದೊಳಗೆ ತರಲು ಮೊದಲ ಕೆಲಸ ತಕ್ಕಡಿ. ಎಸ್.ಪಿ. ರಸ್ತೆಯಿಂದ ಒಂದು ಡಿಜಿಟಲ್ ಅಡುಗೆಮನೆ ತಕ್ಕಡಿಯನ್ನು ತಂದು, ಹಿತ್ತಾಳೆ ಉರುಳೆಯನ್ನು ನಮ್ಮ ಬಡಾವಣೆಯ ಚಿನ್ನದಂಗಡಿಯಲ್ಲಿಯೂ ಮನೆಯಲ್ಲಿಯೂ ತೂಗಿ ಹೋಲಿಸಿಕೊಂಡೆ. ಆ ಬಳಿಕ ಪಿಸ್ತೂಲನ್ನು ಬಿಚ್ಚಿ ಒಂದೊಂದೇ ಭಾಗವನ್ನು ತೂಗಿದೆ: ಉಕ್ಕಿನ ಭಾಗ 1,048 ಗ್ರಾಂ, ಹಿಡಿ 316, ಹಿತ್ತಾಳೆ 178. ಮೂಲದ ಹಿಡಿ ತೂಗಿದ್ದು ಬರಿಯ 160. ಅಂದರೆ ನನ್ನ ಮರಗೆಲಸದ ಹೆಮ್ಮೆಯೊಂದೇ 156 ಗ್ರಾಂ ಸೇರಿಸಿತ್ತು.

ಎರಡನೆಯದು ಪೆಟ್ಟಿಗೆ. ಎಲ್ಲ ಜೋಡಣೆಗಳೊಂದಿಗೆ ಪಿಸ್ತೂಲು 420 ಮಿ.ಮೀ. ಉದ್ದ, 200 ಮಿ.ಮೀ. ಎತ್ತರ, 50 ಮಿ.ಮೀ. ಅಗಲದ ಪೆಟ್ಟಿಗೆಯೊಳಗೆ ಕೂರಬೇಕು. ಆ ಸಂಜೆಯ ತಪಾಸಣೆಯಲ್ಲಿ ತೂಕವನ್ನಷ್ಟೇ ನೋಡಿದ್ದರು, ಪೆಟ್ಟಿಗೆಯಲ್ಲಿಟ್ಟು ನೋಡಿರಲಿಲ್ಲ. ಮನೆಯಲ್ಲಿ ಪ್ಲೈವುಡ್‌ನಿಂದ ಅದೇ ಒಳ ಅಳತೆಯ ಪೆಟ್ಟಿಗೆಯನ್ನು ಮಾಡಿ ಪಿಸ್ತೂಲನ್ನು ಇಳಿಸಿದರೆ, ಅಂಗೈಯ ಕಡೆಯ ಉಬ್ಬು ಅಂಚಿಗೆ ತಗುಲಿ ನಿಂತಿತು, ಅಳೆದಾಗ 52.5 ಮಿ.ಮೀ. ಇತ್ತು. ಪೆಟ್ಟಿಗೆಯಲ್ಲಿಟ್ಟು ನೋಡಿದ್ದರೆ, ತೂಕ ಸರಿಯಿದ್ದಿದ್ದರೂ ಆ ಸಂಜೆ ನಾನು ಪಾಸಾಗುತ್ತಿರಲಿಲ್ಲ.

ಸುಲಭದ ದಾರಿ ಹಿತ್ತಾಳೆಯ ಬದಲು ಅಲ್ಯೂಮಿನಿಯಂ ಹಾಕುವುದು. ಅಲ್ಯೂಮಿನಿಯಂನ ಸಾಂದ್ರತೆ ಹಿತ್ತಾಳೆಯ ಮೂರನೆಯ ಒಂದರಷ್ಟು; ಅದೇ ಗಾತ್ರದ ಉರುಳೆ ಸುಮಾರು 56 ಗ್ರಾಂ ತೂಗಿ, ಒಂದೇ ಏಟಿಗೆ 120 ಗ್ರಾಂ ಇಳಿಯುತ್ತಿತ್ತು. ಆದರೆ ಆ ಅರವತ್ತು ಗುಂಡುಗಳು ನನಗೆ ಕಲಿಸಿದ್ದು ಬೇರೆ. ಮೂತಿಯ ಬಳಿಯ ಗ್ರಾಂ ಮತ್ತು ಅಂಗೈಯೊಳಗಿನ ಗ್ರಾಂ ತಕ್ಕಡಿಗೆ ಒಂದೇ, ಕೈಗೆ ಮಾತ್ರ ಒಂದೇ ಅಲ್ಲ. ಹಿಡಿತದಿಂದ ದೂರವಿರುವ ತೂಕ ಮೂತಿ ಅತ್ತಿತ್ತ ತಿರುಗುವುದಕ್ಕೆ ಜಡತ್ವದಿಂದ ಅಡ್ಡ ನಿಲ್ಲುತ್ತದೆ. ಅಂಗೈಯೊಳಗಿನ ತೂಕವನ್ನು ಭುಜ ಒಂದೂಕಾಲು ಗಂಟೆ ಸುಮ್ಮನೆ ಹೊರುತ್ತದೆ. ಹಾಗಾಗಿ ಇಳಿಸುವುದಿದ್ದರೆ ಮೊದಲು ಹಿಡಿಯಿಂದಲೇ ಇಳಿಸಬೇಕು, ಮುಂದಿನದನ್ನು ಕೊನೆಗೆ ಮುಟ್ಟಬೇಕು ಎಂದು ನಿಶ್ಚಯಿಸಿದೆ. ತಕ್ಕಡಿಗಳ ನಡುವಿನ ವ್ಯತ್ಯಾಸಕ್ಕಾಗಿ ಗುರಿಯನ್ನು 1,480 ಗ್ರಾಂಗಿಂತ ಕೆಳಗೆ ಇಟ್ಟುಕೊಂಡೆ.

ಮರ ಎಷ್ಟು ಜಿಪುಣ ಎಂಬುದು ಆಗಲೇ ತಿಳಿದದ್ದು. ಹಿಡಿಯ ತಳದಿಂದ ಹತ್ತು ಮಿ.ಮೀ. ವ್ಯಾಸದ, ನಾಲ್ಕು ಸೆಂ.ಮೀ. ಆಳದ ಐದು ರಂಧ್ರಗಳನ್ನು ಕೊರೆದೆ. ನೆಲದ ತುಂಬ ಬೀಟೆಯ ಪುಡಿ, ತಕ್ಕಡಿಯಲ್ಲಿ ಇಳಿದದ್ದು 13 ಗ್ರಾಂ. ಆರನೆಯ ರಂಧ್ರಕ್ಕೆ ಜಾಗವಿರಲಿಲ್ಲ. ಹಿಡಿಯನ್ನು ಬಿಗಿಸುವ ತಿರುಪಿನ ಸುತ್ತ ಮರ ತೆಳುವಾದರೆ ಸೀಳುತ್ತದೆ. ಪುಟ್ಟಿ ಇದಕ್ಕಿಂತ ಉದಾರಿ. ಪೆಟ್ಟಿಗೆಗೆ ತಗುಲುತ್ತಿದ್ದ ಉಬ್ಬನ್ನು ಅರದಿಂದ ಉಜ್ಜಿ ಅಗಲವನ್ನು 49.5 ಮಿ.ಮೀ.ಗೆ ತಂದಾಗ ಅಲ್ಲಿಯೇ 16 ಗ್ರಾಂ ಹೋಯಿತು. ಒಂದೇ ಕೆಲಸದಿಂದ ಎರಡು ನಿಯಮಗಳಿಗೆ ತಲೆಬಾಗಿದಂತಾಯಿತು. ಅಂಗೈಯ ಕೆಳಗಿನ ಆಧಾರದ ಹಲಗೆ ಬೀಟೆಯದೇ ಆಗಿದ್ದು 54 ಗ್ರಾಂ ಇತ್ತು. ಅದನ್ನು ತೆಗೆದು, ಮೈಸೂರು ರಸ್ತೆಯ ಮರದ ಅಂಗಡಿಯಲ್ಲಿ ಸಿಕ್ಕ ಸಿಲ್ವರ್ ಓಕ್ ತುಂಡಿನಿಂದ 35 ಗ್ರಾಂನ ಬೇರೊಂದನ್ನು ಮಾಡಿದೆ. ಈ ಹಲಗೆಯ ಅಂಚು ಮೇಲಕ್ಕೆ ಬಾಗಿ ಕೈಯನ್ನು ತಬ್ಬುವಂತಿರಬಾರದು, ಹಿಡಿಗೆ ತೊಂಬತ್ತು ಡಿಗ್ರಿಗಿಂತ ಕಡಿಮೆ ಕೋನದಲ್ಲಿಯೂ ಇರಬಾರದು. ಆದ್ದರಿಂದ ಮೂಲೆಮಟ್ಟ ಹಿಡಿದು, ಒಂದೆರಡು ಡಿಗ್ರಿ ಕೆಳಗೇ ಇಳಿಯುವಂತೆ ಕೂರಿಸಿದೆ.

ಇಷ್ಟಾದ ಮೇಲೆ 1,494. ನಿಯಮದೊಳಗೆ ಬಂದಿದ್ದರೂ ಆರು ಗ್ರಾಂ ನಂಬಿ ಸ್ಪರ್ಧೆಗೆ ಹೋಗುವ ಧೈರ್ಯ ಇರಲಿಲ್ಲ. ಪಿಸ್ತೂಲನ್ನು ಮನೆಯಲ್ಲಿಯೇ ಬಿಟ್ಟು ಹಿತ್ತಾಳೆಯ ಉರುಳೆಯನ್ನು ಮಾತ್ರ ಪೀಣ್ಯದ ಲೇತ್ ಶೆಡ್ಡೊಂದಕ್ಕೆ ಕೊಂಡೊಯ್ದೆ. ಟರ್ನರ್ ಅದನ್ನು ತಿರುಗಿಸಿ ನೋಡಿ, "ಸಾರ್, ಇಷ್ಟ್ ಚೆನ್ನಾಗಿರೋ ಪೀಸ್ ಯಾಕ್ ಸಾರ್ ಕಟ್ ಮಾಡಿಸ್ತೀರಾ?" ಎಂದರು. ಹದಿನೆಂಟು ಗ್ರಾಂ ಬೇಡವೆಂದೆ; ಎರಡು ಸಲ ಚೂರುಚೂರೇ ತೆಗೆದು ಸರಿಯಾಗಿ 160ಕ್ಕೆ ತಂದುಕೊಟ್ಟರು.

ಕಳೆದುಕೊಂಡ ಆ ಹದಿನೆಂಟು ಗ್ರಾಂಗಳ ಕೆಲಸವನ್ನು ದೂರದಿಂದ ಮಾಡಿಸಿದೆ. ಮೊದಲು ಉರುಳೆ ಹಿಡಿತದಿಂದ 21 ಸೆಂ.ಮೀ. ಮುಂದಿತ್ತು, ಈಗ 23.5 ಸೆಂ.ಮೀ.ಗೆ ಜಾರಿಸಿ ಬಿಗಿಸಿದೆ. 178ನ್ನು 21ರಿಂದ ಗುಣಿಸಿದರೂ 160ನ್ನು 23.5ರಿಂದ ಗುಣಿಸಿದರೂ ಬರುವುದು ಹತ್ತಿರ ಹತ್ತಿರ ಒಂದೇ, 3,738 ಮತ್ತು 3,760. ಒಟ್ಟು ಉದ್ದ ಪೆಟ್ಟಿಗೆಯೊಳಗೇ ಉಳಿಯಿತು. ಈ ಮಾದರಿಯಲ್ಲಿ ಗುಂಡು ಹೊಡೆದಾಗ ಬ್ಯಾರೆಲ್ ಮತ್ತು ಸಿಲಿಂಡರ್ ಚೌಕಟ್ಟಿನ ಮೇಲೆ ಹಿಂದಕ್ಕೆ ಜಾರುತ್ತವೆ. ಉರುಳೆಯೂ ಅವುಗಳೊಂದಿಗೆ ಚಲಿಸುವುದರಿಂದ ಅದು ಎಲ್ಲಿಯೂ ಚೌಕಟ್ಟಿಗೆ ತಗುಲದಂತೆ ಸಂದು ಬಿಟ್ಟಿದ್ದೇನೆಯೇ ಎಂದು ಕಾಗದದ ಪಟ್ಟಿ ತೂರಿಸಿ ಪರೀಕ್ಷಿಸಿಕೊಂಡೆ. ನೂರು ಗುಂಡುಗಳ ಬಳಿಕ ತಿರುಪು ಸಡಿಲಾಗಿತ್ತು. ಅದಕ್ಕೆ ತಿರುಪಿನ ಅಂಟು ಒಂದು ತೊಟ್ಟು ಸಾಕಾಯಿತು. ಗುಂಡುಗಳ ಗುಂಪು ಮೊದಲಿಗಿಂತ ಸುಮಾರು ಎಂಟು ಮಿ.ಮೀ. ಕೆಳಗೆ, ಅಂದರೆ ಗುರಿಫಲಕದ ಸರಿಯಾಗಿ ಒಂದು ಅಂಕದ ವೃತ್ತದಷ್ಟು ಕೆಳಗೆ ಬೀಳತೊಡಗಿತ್ತು. ಗುರಿ ಹಿಡಿಯಲು ಪಿಸ್ತೂಲಿನ ಹಿಂಬದಿಯಲ್ಲಿರುವ ಸೈಟನ್ನು ಏರಿಸಿ ಸರಿಪಡಿಸಿದೆ. ಹಿಡಿಗೆ ಕೈ ಮತ್ತೆ ಒಗ್ಗಲು ಮಾತ್ರ ಮೂರು ವಾರ ಹಿಡಿಯಿತು.

ಇನ್ನೊಂದು ತೂಕವೂ ಇದೆ, ಅದಕ್ಕೆ ಮೇಲಿನ ಮಿತಿಯಿಲ್ಲ, ಕೆಳಗಿನದಿದೆ. ಬ್ಯಾರೆಲನ್ನು ನೆಟ್ಟಗೆ ನಿಲ್ಲಿಸಿ ಟ್ರಿಗರಿಗೆ 500 ಗ್ರಾಂ ತೂಕದ ಬಟ್ಟನ್ನು ಕೊಕ್ಕೆಯಿಂದ ತೂಗಿಸಿ ಎತ್ತಿದಾಗ ಟ್ರಿಗರ್ ಬಿಡಬಾರದು. ಹಿಡಿಯನ್ನು ಹತ್ತಾರು ಸಲ ಬಿಚ್ಚಿ ಹಾಕುವಾಗ ಹೊಂದಾಣಿಕೆಯ ತಿರುಪಿಗೆ ಕೈ ತಗುಲಿರಬಹುದೆಂದು, ಅದೇ ಟರ್ನರ್ ಬಳಿ ಮಾಡಿಸಿದ ತೂಕದ ಬಟ್ಟಿನಿಂದ ಪ್ರತಿ ಸಲವೂ ಪರೀಕ್ಷಿಸಿ 520ರಲ್ಲಿ ನಿಲ್ಲಿಸಿದೆ. 500ಕ್ಕೆ ತೀರ ಅಂಟಿಕೊಂಡು ಇಟ್ಟುಕೊಳ್ಳುವವರಿದ್ದಾರೆ. ಸ್ಪರ್ಧೆ ಮುಗಿದ ಮೇಲೆ ಚೀಟಿ ಎತ್ತಿ ಮರುಪರೀಕ್ಷೆ ಮಾಡುವುದುಂಟು, ಆಗ ಸೋತರೆ ಅನರ್ಹತೆ; ಆ ಜೂಜು ನನಗೆ ಬೇಡ. ಗಾಳಿ ಸಿಲಿಂಡರಿನ ಪಿಸ್ತೂಲಿಗೂ ಮುಂದೆ ತೂಕ ಕಟ್ಟಿಕೊಂಡವರು ಸಿಲಿಂಡರ್ ತುಂಬಿಸಿಯೇ ತೂಗುವುದು ಒಳ್ಳೆಯದು. 200 ಬಾರ್ ಒತ್ತಡದಲ್ಲಿ 60 ಮಿ.ಲೀ. ಗಾಳಿಯೇ ಹದಿನಾಲ್ಕು ಗ್ರಾಂ ತೂಗುತ್ತದೆ.

ಮುಂದಿನ ಸ್ಪರ್ಧೆಯ ತಪಾಸಣೆಯಲ್ಲಿ ನನ್ನ 1,476, ಅವರ ತಕ್ಕಡಿಯಲ್ಲಿ 1,478 ಆಯಿತು. ಪಿಸ್ತೂಲು ಪೆಟ್ಟಿಗೆಯೊಳಗೆ ಸದ್ದಿಲ್ಲದೆ ಇಳಿಯಿತು, ತೂಕದ ಬಟ್ಟು ಎದ್ದಿತು, ತಪಾಸಣೆಯ ಚೀಟಿಯನ್ನು ಚೌಕಟ್ಟಿಗೆ ಅಂಟಿಸಿದರು. ಆ ಆಗಸ್ಟಿನಲ್ಲಿ ಎರಡು ವಾರ ಬಿಡದೆ ಮಳೆ ಸುರಿದಾಗ ಕುತೂಹಲಕ್ಕೆ ಮತ್ತೆ ತೂಗಿದೆ. ಉಕ್ಕು, ಹಿತ್ತಾಳೆ ಇದ್ದಷ್ಟೇ ಇದ್ದವು. ಥಂಡಿ ಕುಡಿದ ಹಿಡಿ ಮೂರು ಗ್ರಾಂ ಏರಿತ್ತು. ಕೊರೆದ ರಂಧ್ರಗಳ ಒಳಗೋಡೆಗೆ ಅಗಸೆ ಎಣ್ಣೆ ಹಚ್ಚುವುದನ್ನು ಮರೆತಿದ್ದೆ.