12 ಡಿಗ್ರಿ ಚಳಿಗೆ ಸೆಲ್ಫ್ ಹೊಡೆಯದ ಕ್ಯಾಂಟರ್: ನಾನು ಹುಡುಕಿ ಸರಿ ಮಾಡಿದ್ದು ಹೀಗೆ

ಧನುರ್ಮಾಸ ಬಂತೆಂದರೆ ಚಿಕ್ಕಬಳ್ಳಾಪುರ ಕಡೆ ಗಾಡಿ ಇಟ್ಟವರ ಬಾಯಲ್ಲೆಲ್ಲ ಒಂದೇ ಮಾತು: 'ಚಳಿಗೆ ಸೆಲ್ಫ್ ಹೊಡೀತಿಲ್ಲ'. ಸೆಲ್ಫ್ ಎಂದರೆ ಕೀ ತಿರುಗಿಸಿದಾಗ ಎಂಜಿನ್ ಸುತ್ತಿಸಿ ಸ್ಟಾರ್ಟ್ ಮಾಡುವ ಮೋಟಾರು. ನಾನು ಇದನ್ನು ಪೂರ್ತಿ ಒಪ್ಪುವುದಿಲ್ಲ. ನಂದಿ ಬೆಟ್ಟದ ಬುಡದಲ್ಲಿ ಬೆಳಗಿನ ಜಾವ 12–13 ಡಿಗ್ರಿಗೆ ಇಳಿಯುವುದು ನಿಜ, ಮಂಜು ಕವಿದು ಹೈವೇ ಕಾಣದೇ ಹೋಗುವುದೂ ನಿಜ. ಆದರೆ ಲೇಹ್ ಕಡೆ ಸೊನ್ನೆಗಿಂತ ಕೆಳಗಿನ ಚಳಿಯಲ್ಲೂ ಲಾರಿಗಳು ಸ್ಟಾರ್ಟ್ ಆಗುತ್ತವೆ ಅಲ್ವಾ? 12 ಡಿಗ್ರಿಗೇ ನಮ್ಮ ಗಾಡಿ ಕೈ ಕೊಟ್ಟರೆ ಅದರಲ್ಲಿ ಏನೋ ಒಂದು ಮೊದಲೇ ಸೊರಗಿದೆ ಎಂದರ್ಥ. ಚಳಿ ಅದನ್ನು ಹೊರಗೆ ಹಾಕುತ್ತದೆ, ಅಷ್ಟೆ.

ನನ್ನದು 12 ವೋಲ್ಟ್ ಕ್ಯಾಂಟರ್, ನಾಲ್ಕು ಸಿಲಿಂಡರ್ ಡೀಸೆಲ್, ಹಳೇ ಮಾದರಿ ಡೀಸೆಲ್ ಪಂಪು. ಸೇವಂತಿಗೆ, ಗುಲಾಬಿ ತುಂಬಿಕೊಂಡು ಬೆಂಗಳೂರಿನ ಕೆ.ಆರ್. ಮಾರ್ಕೆಟ್‌ಗೆ ಹೋಗುತ್ತೇನೆ. ನಡುರಾತ್ರಿ ದಾಟಿದ ಮೇಲೆ ಹೊರಡಬೇಕು. ಹೂವು ಬೆಳಗಾಗುವುದರೊಳಗೆ ಮಾರ್ಕೆಟ್ ಸೇರದಿದ್ದರೆ ಕಟ್ಟಿದವರ ಕೂಲಿಯೂ ಹುಟ್ಟುವುದಿಲ್ಲ. ಅಂಥ ಹೊತ್ತಿನಲ್ಲಿ ಕೀ ತಿರುಗಿಸಿದರೆ ಎಂಜಿನ್ 'ಉಂ... ಉಂ...' ಎಂದು ಅರ್ಧ ಸುತ್ತಿ ನಿಂತುಬಿಡುತ್ತಿತ್ತು. ಕೆಲವು ಸಲ ಬರೀ 'ಟಕ್' ಎನ್ನುವ ಸದ್ದು. ಇಳಿಜಾರಿನಲ್ಲಿ ನಿಲ್ಲಿಸಿ ಸೆಕೆಂಡ್ ಗೇರ್‌ನಲ್ಲಿ ಬಿಟ್ಟರೆ ತಕ್ಷಣ ಸ್ಟಾರ್ಟ್. ಅಂದರೆ ಡೀಸೆಲ್ ಕಡೆ ತೊಂದರೆ ಇಲ್ಲ, ಎಂಜಿನ್ ಚೆನ್ನಾಗಿದೆ, ತಿರುಗಿಸುವ ಶಕ್ತಿಗೇ ಕೊರತೆ.

ಶೆಡ್‌ಗೆ ತೆಗೆದುಕೊಂಡು ಹೋದರೆ ಎಲೆಕ್ಟ್ರಿಷಿಯನ್ 'ಅಣ್ಣಾ, ಬ್ಯಾಟ್ರಿ ಹೋಗಿದೆ, ಹೊಸದು ಹಾಕಿಸ್ಬಿಡಿ' ಎಂದ. ಪಕ್ಕದಲ್ಲಿದ್ದ ಇನ್ನೊಬ್ಬರು ಸೆಲ್ಫ್ ಮೋಟಾರೇ ಹೋಗಿದೆ ಎಂದರು. ಆದರೆ ಅದು ಮಧ್ಯಾಹ್ನ. ಗಾಡಿ ಓಡಿ ಬಂದು ಎಂಜಿನ್ ಬಿಸಿಯಾಗಿತ್ತು, ಕೀ ಮುಟ್ಟಿದರೆ ಸಾಕು ಸ್ಟಾರ್ಟ್ ಆಗುತ್ತಿತ್ತು. ಚಳಿಯಲ್ಲಿ ಬರುವ ರೋಗವನ್ನು ಬಿಸಿಲಲ್ಲಿ ನೋಡಿದರೆ ಏನು ಸಿಗುತ್ತದೆ? ಹೀಗಾಗಿ ಯಾವುದಕ್ಕೂ ದುಡ್ಡು ಹಾಕುವ ಮೊದಲು ಒಂದು ಸಾಮಾನ್ಯ ಮಲ್ಟಿಮೀಟರ್ ಹಿಡಿದು ಬೆಳಗಿನ ಜಾವ, ರಾತ್ರಿಯೆಲ್ಲ ತಣ್ಣಗೆ ನಿಂತಿದ್ದ ಗಾಡಿಯ ಮೇಲೇ ಪರೀಕ್ಷೆ ಮಾಡಿದೆ. ನನ್ನ ಇಡೀ ಅನುಭವದಲ್ಲಿ ಮುಖ್ಯವಾದದ್ದು ಇದೇ.

ಬ್ಯಾಟರಿ ಸುಮ್ನೆ ಇರುವಾಗ 12.5 ವೋಲ್ಟ್ ತೋರಿಸಿತು. ಪೂರ್ತಿ ಚಾರ್ಜ್ ಆಗಿದ್ದರೆ 12.6ರ ಆಸುಪಾಸು ಇರಬೇಕು, 12.2ಕ್ಕೆ ಬಂದರೆ ಅರ್ಧ ಖಾಲಿ. ಆದರೆ ಈ ಅಂಕಿ ನೋಡಿ ಸಮಾಧಾನ ಪಡಬಾರದು. ಲೋಡ್ ಬಿದ್ದಾಗ ಎಷ್ಟಕ್ಕೆ ಇಳಿಯುತ್ತದೆ ಎನ್ನುವುದೇ ನಿಜವಾದ ಲೆಕ್ಕ. ಎಂಜಿನ್ ಸ್ಟಾರ್ಟ್ ಆಗದಂತೆ ಡೀಸೆಲ್ ನಿಲ್ಲಿಸುವ ಆಫ್ ಕೇಬಲ್ ಎಳೆದು ಹಿಡಿದುಕೊಂಡು, ಗೇರ್ ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು ಮಗನಿಗೆ ಸೆಲ್ಫ್ ಹೊಡೆಯಲು ಹೇಳಿದೆ. ಬ್ಯಾಟರಿಯ ಸೀಸದ ಕಂಬಗಳ ಮೇಲೆ 10.2 ವೋಲ್ಟ್. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಹೋಗದಿದ್ದರೆ ಬ್ಯಾಟರಿ ಪರವಾಗಿಲ್ಲ ಎನ್ನುತ್ತಾರೆ. ಆಸಿಡ್ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇಟ್ಟು ನೋಡಿದರೆ ಆರು ಸೆಲ್ಲೂ 1.250ರ ಹತ್ತಿರ, ಒಂದಕ್ಕೊಂದು ಸಮ. ಬ್ಯಾಟರಿ ಹೋಗಿದೆ ಎನ್ನುವ ಮಾತು ಅಲ್ಲಿಗೆ ಮುಗಿಯಿತು.

ಆಮೇಲೆ ಮೀಟರ್‌ನ ಕೆಂಪು ಕಡ್ಡಿಯನ್ನು ಸೆಲ್ಫ್ ಮೋಟಾರಿನ ದಪ್ಪ ಬೋಲ್ಟ್‌ಗೆ, ಕಪ್ಪನ್ನು ಮೋಟಾರಿನ ಮೈಗೆ ಇಟ್ಟೆ. ಸೆಲ್ಫ್ ಹೊಡೆದರೆ ಅಲ್ಲಿ ಸಿಕ್ಕಿದ್ದು 8.4 ಮಾತ್ರ! ಬ್ಯಾಟರಿಯಿಂದ ಹೊರಟ 10.2ರಲ್ಲಿ 1.8 ವೋಲ್ಟ್ ದಾರಿಯಲ್ಲೇ ಸೋರಿಹೋಗಿತ್ತು. ಎಲ್ಲಿ ಎಂದು ಹುಡುಕುವುದೂ ಸುಲಭ. ಒಂದು ಕಡ್ಡಿ ಬ್ಯಾಟರಿ ಪ್ಲಸ್ ಕಂಬಕ್ಕೆ, ಇನ್ನೊಂದು ಸೆಲ್ಫ್ ಬೋಲ್ಟ್‌ಗೆ ಇಟ್ಟು ಸೆಲ್ಫ್ ಹೊಡೆದರೆ 0.3. ಅದು ಸರಿ. ಮೈನಸ್ ಕಂಬದಿಂದ ಮೋಟಾರಿನ ಮೈಗೆ ಇಟ್ಟರೆ 1.5. ಅರ್ತ್ ಕಡೆ, ಅಂದರೆ ಕರೆಂಟು ಬ್ಯಾಟರಿಗೆ ವಾಪಸ್ ಹೋಗುವ ದಾರಿಯಲ್ಲಿ, 0.3 ದಾಟಿದರೇ ಅನುಮಾನ ಪಡಬೇಕು. ಚಾಸಿಯಿಂದ ಎಂಜಿನ್‌ಗೆ ಬರುವ ಹೆಣೆದ ಪಟ್ಟಿಯನ್ನು ಬಿಚ್ಚಿದರೆ ಅದರ ತುದಿಯ ಲಗ್ (ಬೋಲ್ಟ್ ಕೂರುವ ಲೋಹದ ಬಳೆ) ಕೆಳಗೆ ಹಸಿರು ಪುಡಿ, ಅದರ ಕೆಳಗೆ ತುಕ್ಕು, ಅದರ ಮೇಲೆ ಯಾವಾಗಲೋ ಬಳಿದ ಪೇಂಟ್. ಮೇಲಿಂದ ನೋಡಿದರೆ ಬೋಲ್ಟ್ ಬಿಗಿಯಾಗೇ ಇತ್ತು. ಇಂಥ ಕಡೆ ಕಣ್ಣು ಮೋಸ ಮಾಡುತ್ತದೆ, ಮೀಟರ್ ಮಾಡುವುದಿಲ್ಲ. ಪಟ್ಟಿ ಹೊಸದು ಹಾಕಿ, ಕೂರುವ ಜಾಗವನ್ನು ಕಬ್ಬಿಣ ಹೊಳೆಯುವವರೆಗೆ ಎಮರಿ ಪೇಪರಿನಲ್ಲಿ ಉಜ್ಜಿ, ಬಿಗಿ ಮಾಡಿದ ಮೇಲೆ ಹೊರಗಡೆ ಗ್ರೀಸ್ ಸವರಿದೆ.

ಮರುದಿನ ಬೆಳಿಗ್ಗೆ ಮತ್ತೆ ನೋಡಿದೆ. ಈಗ ಮೋಟಾರಿಗೆ 9.0 ವೋಲ್ಟ್ ಬರುತ್ತಿತ್ತು, ಆದರೆ ಬ್ಯಾಟರಿ 9.5ಕ್ಕೆ ಇಳಿದಿತ್ತು, ಎಂಜಿನ್ ಮಾತ್ರ ಇನ್ನೂ ಭಾರವಾಗೇ ಸುತ್ತುತ್ತಿತ್ತು. ದಾರಿ ಸರಿಹೋದ ಮೇಲೂ ಬ್ಯಾಟರಿ ಇಷ್ಟು ಕುಸಿಯುತ್ತದೆ ಎಂದರೆ ಮೋಟಾರು ಕರೆಂಟು ಜಾಸ್ತಿ ಎಳೆಯುತ್ತಿದೆ, ಎಳೆದದ್ದನ್ನು ತಿರುಗಿಸಲು ಬಳಸುತ್ತಿಲ್ಲ. ಎಂಜಿನ್ನೇ ಬಿಗಿಯಾಗಿದೆಯಾ ಎಂದು ಕ್ರ್ಯಾಂಕ್ ಪುಲ್ಲಿ ಬೋಲ್ಟ್‌ಗೆ ಸ್ಪ್ಯಾನರ್ ಹಾಕಿ ಕೈಯಲ್ಲಿ ತಿರುಗಿಸಿ ನೋಡಿದೆ, ಸರಾಗವಾಗಿ ತಿರುಗಿತು. ಉಳಿದದ್ದು ಸೆಲ್ಫ್ ಒಂದೇ.

ಬಿಚ್ಚುವ ಮೊದಲು ಬ್ಯಾಟರಿಯ ಮೈನಸ್ ವೈರ್ ತೆಗೆಯಲೇಬೇಕು. ಸೆಲ್ಫ್‌ನ ದಪ್ಪ ವೈರಿಗೆ ಫ್ಯೂಸ್ ಇರುವುದಿಲ್ಲ, ಸ್ಪ್ಯಾನರ್ ಚಾಸಿಗೆ ತಾಗಿದರೆ ಬೆಂಕಿಯೇ ಗತಿ. ಹಳೇ ಮೋಟಾರು ತುಂಬಾ ತೂಕ. ಕೊನೇ ಬೋಲ್ಟ್ ಬಿಚ್ಚುವಾಗ ಕೆಳಗೆ ಜ್ಯಾಕ್ ಮೇಲೆ ಮರದ ತುಂಡು ಇಟ್ಟುಕೊಂಡೆ.

ಒಳಗೆ ನೋಡಿದರೆ ಕಾಯಿಲೆ ಎದ್ದು ಕಾಣುತ್ತಿತ್ತು. ಶಾಫ್ಟ್ ಕೂರುವ ಬುಷ್‌ಗಳು ಸವೆದು ಆರ್ಮೇಚರ್ (ಮೋಟಾರಿನೊಳಗೆ ತಿರುಗುವ ಭಾಗ) ಶಾಫ್ಟ್ ಅಲ್ಲಾಡುತ್ತಿತ್ತು. ಸೆಲ್ಫ್ ಹೊಡೆದಾಗ ಆರ್ಮೇಚರ್ ಒಂದು ಪಕ್ಕಕ್ಕೆ ಎಳೆದುಕೊಂಡು ಸುತ್ತಲಿನ ಪೋಲ್ ಶೂಗಳಿಗೆ (ಆಯಸ್ಕಾಂತವಾಗುವ ಕಬ್ಬಿಣದ ತುಂಡುಗಳಿಗೆ) ಉಜ್ಜುತ್ತಿತ್ತು, ಅಲ್ಲಿ ಕನ್ನಡಿ ಹಾಗೆ ಹೊಳೆಯುವ ಗೆರೆಗಳು ಬಿದ್ದಿದ್ದವು. ಆರ್ಮೇಚರಿಗೆ ಕರೆಂಟು ಮುಟ್ಟಿಸುವ ಕಾರ್ಬನ್ ಅರ್ಧಕ್ಕಿಂತ ಕಡಿಮೆ ಉಳಿದಿತ್ತು, ಮೋಟಾರಿಗೆ ಕರೆಂಟು ಬಿಡುವ ಸ್ವಿಚ್ಚಾದ ಸೋಲನಾಯ್ಡ್ ಒಳಗಿನ ತಾಮ್ರದ ಕಾಂಟ್ಯಾಕ್ಟ್ ಸುಟ್ಟು ಗುಳಿ ಬಿದ್ದಿತ್ತು. ಬರೀ 'ಟಕ್' ಎನ್ನುವ ಸದ್ದು ಅಲ್ಲಿಂದಲೇ ಬರುತ್ತಿದ್ದದ್ದು. ಬೆಂಡಿಕ್ಸ್ (ಮುಂದೆ ಸರಿದು ಎಂಜಿನ್ ಹಲ್ಲಿಗೆ ಕಚ್ಚಿಕೊಳ್ಳುವ ಗೇರ್ ಭಾಗ) ಓಡಾಡುವ ಶಾಫ್ಟಿನ ಸುರುಳಿ ಗೆರೆಗಳ ಮೇಲೆ ಯಾರೋ ಮೆತ್ತಿದ್ದ ಗ್ರೀಸು ಕ್ಲಚ್ ಪುಡಿ ಸೇರಿ ಗೋಂದಿನಂತಾಗಿತ್ತು. ಬಿಸಿಲಿಗೆ ಅದು ಕರಗಿ ಬಿಡುತ್ತದೆ, ಚಳಿಗೆ ಹಿಡಿದುಕೊಳ್ಳುತ್ತದೆ. ಎಂಜಿನ್ ಆಯಿಲ್ ದಪ್ಪಗಾಗಿ ತಿರುಗಲು ಜಾಸ್ತಿ ಬಲ ಬೇಕಾಗುವುದು, ಬ್ಯಾಟರಿ ಶಕ್ತಿ ಸ್ವಲ್ಪ ಕುಗ್ಗುವುದು, ಮೋಟಾರು ಒಳಗೇ ಉಜ್ಜುವುದು, ಎಲ್ಲ ಒಟ್ಟಿಗೆ ಸೇರುವುದು ಬೆಳಗಿನ ಜಾವಕ್ಕೆ.

ಬುಷ್, ಕಾರ್ಬನ್, ಸೋಲನಾಯ್ಡ್ ಅಷ್ಟೇ ಹೋಗಿದ್ದರೆ ನಾನು ರಿಪೇರಿಯನ್ನೇ ಮಾಡಿಸುತ್ತಿದ್ದೆ. ಒಳ್ಳೆಯ ಕೈಯಲ್ಲಿ ಮಾಡಿಸಿದರೆ ಅದು ಚೆನ್ನಾಗಿ ಬಾಳಿಕೆ ಬರುತ್ತದೆ. ಕಂಚಿನ ಬುಷ್ ಹಾಕುವ ಮೊದಲು ಒಂದು ರಾತ್ರಿ ಎಂಜಿನ್ ಆಯಿಲ್‌ನಲ್ಲಿ ನೆನೆಸಬೇಕು, ಬೆಂಡಿಕ್ಸನ್ನು ಡೀಸೆಲ್‌ನಲ್ಲಿ ಅದ್ದಿ ತೊಳೆಯಬಾರದು, ಒಳಗಿನ ಗ್ರೀಸ್ ತೊಳೆದುಹೋಗುತ್ತದೆ. ಆದರೆ ನನ್ನದರಲ್ಲಿ ಆರ್ಮೇಚರೇ ಉಜ್ಜಿ ಹಾಳಾಗಿದ್ದರಿಂದ ಮೋಟಾರನ್ನೇ ಬದಲಿಸಿದೆ. ಅಂಗಡಿಗೆ ಹಳೆಯದನ್ನು ಹೊತ್ತುಕೊಂಡೇ ಹೋಗಿ. ವೋಲ್ಟ್, ಕಿಲೋವ್ಯಾಟ್, ಪಿನಿಯನ್ (ಮೋಟಾರಿನ ತುದಿಯ ಚಿಕ್ಕ ಗೇರ್) ಹಲ್ಲಿನ ಸಂಖ್ಯೆ, ತಿರುಗುವ ದಿಕ್ಕು, ಬೋಲ್ಟ್ ತೂತು, ಎಲ್ಲ ಪಕ್ಕದಲ್ಲಿಟ್ಟು ಹೋಲಿಸಿ. 'ಇದೂ ಕೂರುತ್ತೆ' ಎಂದರೆ ತರಬೇಡಿ.

ಸೆಲ್ಫ್ ಹೊರಗಿರುವಾಗಲೇ ಸೆಲ್ಫ್ ಕಚ್ಚಿಕೊಳ್ಳುವ ಎಂಜಿನ್‌ನ ಫ್ಲೈವೀಲ್ ರಿಂಗಿನ ಹಲ್ಲುಗಳನ್ನೂ ನೋಡಿಬಿಡಿ. ನಾಲ್ಕು ಸಿಲಿಂಡರ್ ಎಂಜಿನ್ ಆಫ್ ಆದಾಗ ಹೆಚ್ಚಾಗಿ ಎದುರುಬದುರಿನ ಎರಡೇ ಜಾಗದಲ್ಲಿ ನಿಲ್ಲುತ್ತದೆ, ಸವೆತವೂ ಅಲ್ಲೇ. ಕೈಯಲ್ಲಿ ತಿರುಗಿಸುತ್ತಾ ಟಾರ್ಚ್ ಬಿಟ್ಟು ಪೂರ್ತಿ ಸುತ್ತು ನೋಡಬೇಕು. ನಂದು ಚೆನ್ನಾಗಿತ್ತು. ಹೊಸ ಮೋಟಾರು ಕೂರುವ ಮುಖವನ್ನೂ ಪೇಂಟ್ ಇಲ್ಲದಂತೆ ಉಜ್ಜಿದೆ, ಅರ್ತ್ ಸಿಗುವುದು ಅಲ್ಲಿಂದಲೇ. ಮೈನಸ್ ವೈರನ್ನು ಕೊನೆಗೆ ಹಾಕಿ ಮಾರನೇ ದಿನದ ಚಳಿಯಲ್ಲಿ ಅಳೆದರೆ ಬ್ಯಾಟರಿಯಲ್ಲಿ 10.5, ಮೋಟಾರಿನಲ್ಲಿ 10.1. ಕೀ ತಿರುಗಿಸಿದ ಕೂಡಲೇ ಹಿಡಿದುಕೊಂಡಿತು.

ಇನ್ನೊಂದು ಮಾತು, ದಯವಿಟ್ಟು ಕೇಳಿ. ಸೋಲನಾಯ್ಡಿನ ಎರಡು ಬೋಲ್ಟ್‌ಗೆ ಸ್ಕ್ರೂಡ್ರೈವರ್ ಅಡ್ಡ ಇಟ್ಟು ಸ್ಟಾರ್ಟ್ ಮಾಡುವುದು ನಮ್ಮಲ್ಲಿ ಎಲ್ಲರಿಗೂ ಅಭ್ಯಾಸ. ಗಾಡಿ ಗೇರ್‌ನಲ್ಲಿದ್ದರೆ ಕೆಳಗಿರುವವನ ಮೇಲೆ ಹೋಗುತ್ತದೆ, ಕ್ಲೀನರ್ ಹುಡುಗರ ಕೈಯಲ್ಲಿ ಇದನ್ನು ಯಾವತ್ತೂ ಮಾಡಿಸಬೇಡಿ. ಎಂಜಿನ್‌ಗೆ ಬಿಸಿ ಗಾಳಿ ಹೋಗಲಿ ಎಂದು ಏರ್ ಫಿಲ್ಟರ್ ಹತ್ತಿರ ಬಟ್ಟೆ ಉರಿಸುವುದೂ ಬೇಡ. ಸೆಲ್ಫನ್ನು ಒಂದೇ ಸಮನೆ 10–15 ಸೆಕೆಂಡಿಗಿಂತ ಜಾಸ್ತಿ ಹೊಡೆಯಬೇಡಿ, ನಡುವೆ ಒಂದು ನಿಮಿಷ ಬಿಟ್ಟು ಮತ್ತೆ ಹೊಡೆಯಿರಿ.